ಮೆಲಿಯಾಂಡೂ: ಊರು ಬೆಳೆಸಿದ ಕಾಡು

ಪಶ್ಚಿಮ ಆಫ್ರಿಕಾದ ಗಿನಿ ದೇಶದ ಆಗ್ನೇಯ ಮೂಲೆಯಲ್ಲಿ, ಸಿಯೆರಾ ಲಿಯೋನ್ ಮತ್ತು ಲೈಬೀರಿಯಾದ ಗಡಿಗಳು ಬಂದು ಕೂಡುವ ಕಡೆ, ಮೆಲಿಯಾಂಡೂ ಎಂಬ ಕಿಸ್ಸಿ ಜನರ ಹಳ್ಳಿಯಿದೆ. 2014ರಲ್ಲಿ ಅಲ್ಲಿದ್ದದ್ದು 31 ಮನೆ. 2013ರ ಡಿಸೆಂಬರ್‌ನಲ್ಲಿ ಈ ಊರಿನ ಎರಡು ವರ್ಷದ ಗಂಡುಮಗುವೊಂದು ಜ್ವರ, ವಾಂತಿ, ಕಪ್ಪು ಭೇದಿಯಿಂದ ತೀರಿಕೊಂಡಿತು. ಬೆನ್ನಿಗೇ ಅದರ ಅಕ್ಕ, ತಾಯಿ, ಅಜ್ಜಿ ಸತ್ತರು. ಅದು ಎಬೋಲಾ ಎಂದು ಗೊತ್ತಾಗುವ ಹೊತ್ತಿಗೆ ಮೂರು ತಿಂಗಳು ಕಳೆದಿತ್ತು. 2016ರಲ್ಲಿ ಆ ಸಾಂಕ್ರಾಮಿಕ ಮುಗಿಯಿತು ಎಂದು ಸಾರುವ ವೇಳೆಗೆ 28,600ಕ್ಕೂ ಹೆಚ್ಚು ಜನರಿಗೆ ರೋಗ ತಗುಲಿ, 11,300ಕ್ಕೂ ಹೆಚ್ಚು ಜನ ಸತ್ತಿದ್ದರು. ಅಲ್ಲಿಯವರೆಗೆ ಗಿನಿಯಲ್ಲೇ ಹೆಚ್ಚು ಮಂದಿಗೆ ಗೊತ್ತಿರದಿದ್ದ ಒಂದು ಊರು ಜಗತ್ತಿನ ವರದಿಗಳಲ್ಲೆಲ್ಲ ರೋಗದ ತವರೆಂದು ದಾಖಲಾಯಿತು.

ವರದಿಗಳ ಜೊತೆಗೆ ಊರಿಗೊಂದು ಇತಿಹಾಸವೂ ಬಂತು. 2015ರ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ವರದಿ ಅದನ್ನು ಕೆಲವೇ ವಾಕ್ಯಗಳಲ್ಲಿ ಹೇಳಿತು: ಮೆಲಿಯಾಂಡೂ ಜನವಿರಳವಾದ, ದೂರದ, ಕಾಡುನಾಡಿನ ಒಳಗಿನ ಹಳ್ಳಿ, ಸುತ್ತಲಿನ ಕಾಡನ್ನು ವಿದೇಶಿ ಗಣಿ ಕಂಪನಿಗಳೂ ಮರದ ವ್ಯಾಪಾರಿಗಳೂ ನಾಶಮಾಡಿದ್ದಾರೆ, ಶೇಕಡಾ 80ಕ್ಕೂ ಹೆಚ್ಚು ಕಾಡು ಹೋಗಿ ಸೋಂಕು ಹೊತ್ತ ಬಾವಲಿಗಳು ಮನುಷ್ಯರ ಹತ್ತಿರಕ್ಕೆ ಬಂದಿರಬಹುದು. ಪತ್ರಿಕೆಗಳು ಇದನ್ನೇ ಎತ್ತಿಕೊಂಡವು. ಕೇಳಲು ನ್ಯಾಯವಾಗಿಯೇ ಕಾಣುವ ವಿವರಣೆ ಇದು. ಕಾಡು ಕಡಿದರೆ ಕೇಡು ತಪ್ಪದು ಎಂದು ನಾವೆಲ್ಲ ನಂಬುತ್ತೇವೆ, ಎಷ್ಟೋ ಕಡೆ ಅದು ನಿಜವೂ ಹೌದು. ಆದರೆ ಈ ಊರಿನ ಮಟ್ಟಿಗೆ ಆ ವಿವರಣೆ ಬುಡದಲ್ಲೇ ತಪ್ಪಿದೆ ಎಂಬುದು ನನ್ನ ವಾದ. ಮೆಲಿಯಾಂಡೂವಿನಂಥ ಕಿಸ್ಸಿ ಊರುಗಳ ಸುತ್ತ ಇರುವ ಕಾಡು ಬಹುಮಟ್ಟಿಗೆ ಊರೇ ಬೆಳೆಸಿದ್ದು. ಅಲ್ಲಿ ಬಾವಲಿ ಹೊಸ ನೆಂಟನಲ್ಲ. ಕಳೆದ ನೂರು ಚಿಲ್ಲರೆ ವರ್ಷಗಳಲ್ಲಿ ಹೊಸದಾಗಿ ಸೇರಿದ್ದು ಗಡಿ, ಯುದ್ಧ, ಸಂತೆಯ ದಾರಿ, ಮತ್ತು ಜನರ ಕೈಗೆ ಸಿಗದ ಆಸ್ಪತ್ರೆ. ದುರಂತದ ಕಾರಣವನ್ನು ಮರದಲ್ಲಿ ಹುಡುಕುವ ಮೊದಲು ಇವುಗಳಲ್ಲಿ ಹುಡುಕಬೇಕು.

ಮೊದಲು ನೆಲವನ್ನು ನೋಡೋಣ. ಗಿನಿಯ ಈ ಭಾಗಕ್ಕೆ ಕಾಡಿನ ಗಿನಿ ಎಂದೇ ಹೆಸರು. ವರ್ಷದ ಹೆಚ್ಚು ತಿಂಗಳು ಮಳೆ. ಗುಡ್ಡ, ಗುಡ್ಡದ ನಡುವೆ ಜೌಗು ತಗ್ಗು, ತಗ್ಗಿನಲ್ಲಿ ಭತ್ತ. ಕಿಸ್ಸಿಗಳು ಮೊದಲಿನಿಂದಲೂ ಅನ್ನ ಉಣ್ಣುವ ಜನ. ಫ್ರೆಂಚ್ ಮಾನವಶಾಸ್ತ್ರಜ್ಞೆ ಡೆನಿಸ್ ಪೋಮ್ 1954ರಲ್ಲಿ ಇವರ ಬಗ್ಗೆ ಬರೆದ ಪುಸ್ತಕಕ್ಕೆ 'ಅಕ್ಕಿಯ ಜನ' ಎಂಬ ಅರ್ಥದ ಹೆಸರನ್ನೇ ಇಟ್ಟಳು. ಗುಡ್ಡದ ಓರೆಯಲ್ಲಿ ಕುಮರಿ ಬೇಸಾಯದ ಭತ್ತ, ಮನೆಯ ಹಿಂದೆ ಬಾಳೆ, ಕೋಲಾ, ಕಾಫಿ, ಎಣ್ಣೆತಾಳೆ. ಭತ್ತಕ್ಕೆ ನೆಲ ಅಗೆಯುವಾಗ ಬಳಪದ ಕಲ್ಲಿನಲ್ಲಿ ಕೆತ್ತಿದ ಸಣ್ಣ ಮನುಷ್ಯ ಬೊಂಬೆಗಳು ಸಿಗುವುದುಂಟು. ಶತಮಾನಗಳ ಹಿಂದೆ ಯಾರೋ ಕೆತ್ತಿದ ಈ ಬೊಂಬೆಗಳನ್ನು ಕಿಸ್ಸಿಗಳು ಹಿರಿಯರ ರೂಪವೆಂದು ಮನೆಗೆ ತಂದು ಪೂಜಿಸುತ್ತಾರೆ. ಅಂದರೆ ಉಳುವ ಮಣ್ಣಿನ ಕೆಳಗೆ ಹಳೆಯ ಜನವಸತಿಯ ಗುರುತಿದೆ. ಈಚಿನವರೆಗೆ ಮನುಷ್ಯರ ಕಾಲೇ ಸೋಕದಿದ್ದ ಕಾಡು ಇದಲ್ಲ. ಹೊರಗಿನ ಲೋಕ ಕಾಣದ ನೆಲವೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯ ಶತಮಾನದ ನಡುವಿನವರೆಗೆ ಇಲ್ಲಿ, ಈಗಿನ ಮೂರು ದೇಶಗಳ ಉದ್ದಕ್ಕೂ, ಕಿಸ್ಸಿ ನಾಣ್ಯವೆಂಬ ಕಬ್ಬಿಣದ ಸರಳು ಓಡಾಡುತ್ತಿತ್ತು. ತಿರುಚಿದ ತೆಳ್ಳನೆಯ ಸರಳು. ಒಂದು ತುದಿ ಅಡ್ಡಪಟ್ಟಿ, ಇನ್ನೊಂದು ತುದಿ ಸಣ್ಣ ಗುದ್ದಲಿಯಂತೆ ಚಪ್ಪಟೆ. ಕಟ್ಟುಕಟ್ಟಾಗಿ ಎಣಿಸಿ ಕೊಟ್ಟು ದನ, ಬಟ್ಟೆ, ಕೋಲಾ ಕೊಳ್ಳುತ್ತಿದ್ದರು. ಸರಳು ಮುರಿದರೆ ಅದರ ಜೀವ ಹೋಯಿತೆಂದು ಲೆಕ್ಕ. ವಿಧಿಯ ಪ್ರಕಾರ ಮತ್ತೆ ಬೆಸೆದು ಜೀವ ತುಂಬಿದ ಮೇಲೆಯೇ ಅದು ಚಲಾವಣೆಗೆ ಬರುತ್ತಿತ್ತು. ಇಂಥ ಹಣ ಹುಟ್ಟಿಸಿದ ನಾಡನ್ನು ಮೂಲೆಗುಂಪಿನ ನಾಡು ಎಂದು ಕರೆಯುವುದು ಹೇಗೆ?

ಈಗ ಕಾಡಿನ ವಿಷಯ. ಮೆಲಿಯಾಂಡೂ ಇರುವ ಗೆಕೆಡು ಜಿಲ್ಲೆಯ ಪಕ್ಕದಲ್ಲೇ, ಉತ್ತರಕ್ಕೆ, ಕಿಸ್ಸಿಡುಗು ಇದೆ. ಅಲ್ಲಿ ಹುಲ್ಲುಬಯಲಿನ ನಡುನಡುವೆ ದಟ್ಟ ಮರಗಳ ದ್ವೀಪಗಳು. ಪ್ರತಿ ದ್ವೀಪದ ಒಳಗೊಂದು ಹಳ್ಳಿ. 1890ರ ದಶಕದಲ್ಲಿ ಈ ನಾಡನ್ನು ಹಿಡಿದ ಫ್ರೆಂಚರಿಗೆ, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಇಲ್ಲಿ ಓಡಾಡಿದ ಸಸ್ಯಶಾಸ್ತ್ರಜ್ಞ ಆಗಸ್ಟ್ ಷೆವಾಲಿಯೇಗೆ, ಮುಂದೆ ಸ್ವತಂತ್ರ ಗಿನಿಯ ಅಧಿಕಾರಿಗಳಿಗೆ ಇದನ್ನು ಕಂಡಾಗ ಹೊಳೆದದ್ದು ಒಂದೇ: ಹಿಂದೆ ಎಲ್ಲೆಡೆ ಮಹಾರಣ್ಯವಿತ್ತು, ಜನ ಸುಟ್ಟು ಕಡಿದು ಈಗ ಈ ತುಣುಕುಗಳಷ್ಟೇ ಉಳಿದಿವೆ. ಈ ನಂಬಿಕೆಯ ಮೇಲೆಯೇ ಒಂದು ಶತಮಾನ ಕಾಲ ಬೆಂಕಿ ಹಚ್ಚಿದವರಿಗೆ ದಂಡ ಬಿತ್ತು, ಕುಮರಿಗೆ ತಡೆ ಬಂತು. ಜೇಮ್ಸ್ ಫೇರ್‌ಹೆಡ್ ಮತ್ತು ಮೆಲಿಸ್ಸಾ ಲೀಚ್ ಎಂಬ ಇಬ್ಬರು ಮಾನವಶಾಸ್ತ್ರಜ್ಞರು ಆ ಹಳ್ಳಿಗಳಲ್ಲಿದ್ದು ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದ ಪುಸ್ತಕ ಈ ನಂಬಿಕೆಯನ್ನು ತಲೆಕೆಳಗು ಮಾಡಿತು. 1952ರಲ್ಲಿ ವಿಮಾನದಿಂದ ತೆಗೆದ ಚಿತ್ರಗಳನ್ನು ನಲವತ್ತು ವರ್ಷಗಳ ನಂತರದ ಉಪಗ್ರಹ ಚಿತ್ರಗಳ ಪಕ್ಕದಲ್ಲಿಟ್ಟು ನೋಡಿದರೆ ಎಷ್ಟೋ ಕಡೆ ಮರಗಳು ಕಡಿಮೆಯಾಗಿರಲಿಲ್ಲ, ಹೆಚ್ಚಿದ್ದವು. ಊರಿನ ಹಿರಿಯರು ಹೇಳುತ್ತಿದ್ದುದೂ ಅದನ್ನೇ: ನಮ್ಮ ಅಜ್ಜಂದಿರು ಊರು ಕಟ್ಟಿದಾಗ ಇಲ್ಲಿದ್ದದ್ದು ಬರೀ ಹುಲ್ಲು.

ಊರು ಕಾಡನ್ನು ಬೆಳೆಸುವ ಬಗೆ ತೀರ ಸರಳ, ಆದರೆ ತಲೆಮಾರುಗಳ ತಾಳ್ಮೆ ಬೇಡುವಂಥದು. ಮನೆ ಹೊದಿಸಲು ಊರ ಸುತ್ತಲಿನ ಹುಲ್ಲು ಕೊಯ್ಯುತ್ತಾರೆ, ಅಲ್ಲಿಗೆ ಬೆಂಕಿಗೆ ಮೇವು ಕಡಿಮೆಯಾಯಿತು. ದನಗಳನ್ನು ಊರಂಚಿನಲ್ಲೇ ಕಟ್ಟಿ ಮೇಯಿಸುತ್ತಾರೆ, ಉಳಿದ ಹುಲ್ಲೂ ಹೋಯಿತು. ಬೇಸಗೆ ಬಲಿಯುವ ಮೊದಲೇ ಊರಿನ ಸುತ್ತ ತೆಳ್ಳಗೆ ಬೆಂಕಿ ಕೊಟ್ಟು ಸುಟ್ಟುಬಿಡುತ್ತಾರೆ. ಮುಂದೆ ಬಯಲಿನಲ್ಲಿ ದೊಡ್ಡ ಬೆಂಕಿ ಎದ್ದರೂ ಊರಿಗೆ ಬಾರದು. ಹಿತ್ತಲಿನ ಕಸ, ಬೂದಿ, ಸಗಣಿ, ಅಗೆದು ಅಗೆದು ಮೆದುವಾದ ಮಣ್ಣು ಎಲ್ಲ ಸೇರಿ ಸಸಿಗಳಿಗೆ ನೆಲ ಹದವಾಗುತ್ತದೆ. ಯುದ್ಧದ ಕಾಲದಲ್ಲಿ, ಮುಖ್ಯವಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ, ಕೋಟೆಯ ಬದಲು ಬೂರುಗದ ಜಾತಿಯ ಮರಗಳನ್ನು ಒತ್ತೊತ್ತಾಗಿ ನೆಟ್ಟು ಜೀವಂತ ಬೇಲಿ ಮಾಡಿಕೊಂಡರು. ಆ ಬೇಲಿಯೇ ಬೆಳೆದು ಇಂದಿನ ಹೆಮ್ಮರಗಳಾಗಿವೆ. ಅವುಗಳ ನೆರಳಿಗೆ ಕೋಲಾ, ಆಮೇಲೆ ಕಾಫಿ ಬಂತು. ಎಳೆಯರಿಗೆ ದೀಕ್ಷೆ ಕೊಡುವ ಪವಿತ್ರ ಬನಗಳೂ ಆ ಮರೆಯಲ್ಲೇ. ಮಲೆನಾಡಿನ ಓದುಗರು ಇದನ್ನು ಕಾನು ಎಂದು ಕರೆದರೆ ಅರ್ಥ ತೀರ ದೂರ ಹೋಗದು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಕಿಸ್ಸಿಡುಗು ಹುಲ್ಲುಬಯಲಿನ ಅಂಚು. ಮೆಲಿಯಾಂಡೂ ಇರುವ ಗೆಕೆಡು ಅದಕ್ಕಿಂತ ದಕ್ಷಿಣಕ್ಕೆ, ಮಳೆ ಹೆಚ್ಚಿರುವ ಕಡೆ. ಒಂದು ಕಡೆಯ ಸಾಕ್ಷ್ಯವನ್ನು ಇನ್ನೊಂದು ಕಡೆಗೆ ಹಾಗೆಯೇ ಅನ್ವಯಿಸುವುದು ಸರಿಯೇ? ಕಾಡಿನ ಗಿನಿಯಲ್ಲಿ ದಟ್ಟ ಕಾಡು ಕುಗ್ಗಿದ್ದೂ ನಿಜ. ದೊಡ್ಡ ಕಾಡು ಎನ್ನಬಹುದಾದದ್ದು ಈಗ ಹೆಚ್ಚಾಗಿ ಝಿಯಾಮಾ, ಡಿಯೆಕೆಯಂಥ ಮೀಸಲು ಅರಣ್ಯಗಳಲ್ಲಿದೆ. ಈ ನಾಡನ್ನು ವರ್ಷಗಟ್ಟಲೆ ಬಲ್ಲ ವೈದ್ಯವಿಜ್ಞಾನಿಗಳೂ 2014ರಲ್ಲಿ ಕಾಡಿನ ಸವೆತವನ್ನು ರೋಗದ ಹಿನ್ನೆಲೆಯಾಗಿ ಮುಂದಿಟ್ಟರು. ಅವರ ಮಾತು ಕಡೆಗಣಿಸುವಂಥದಲ್ಲ. ಆದರೆ ಕಾಡು ಕುಗ್ಗಿತು ಎನ್ನುವುದು ಒಂದು ಮಾತು, ಅದು ಕುಗ್ಗಿದ್ದರಿಂದಲೇ ಮೆಲಿಯಾಂಡೂವಿನ ಮಗುವಿಗೆ ರೋಗ ಬಂತು ಎನ್ನುವುದು ಇನ್ನೊಂದು ಮಾತು. ಎರಡನೆಯದಕ್ಕೆ ಆಧಾರ ಬೇಕು. ವರದಿ ಹೇಳಿದ ಗಣಿಗಳನ್ನೇ ತೆಗೆದುಕೊಳ್ಳಿ. ಗಿನಿಯ ಬಾಕ್ಸೈಟ್ ಗಣಿಗಳು ಮುಖ್ಯವಾಗಿ ದೇಶದ ಇನ್ನೊಂದು ತುದಿಯಲ್ಲಿ, ವಾಯವ್ಯದ ಬೋಕೆ ಕಡೆ ಇವೆ. ಸಿಮಾಂಡು ಬೆಟ್ಟಸಾಲಿನ ಕಬ್ಬಿಣದ ಅದಿರು ಗೆಕೆಡುವಿನ ಪೂರ್ವಕ್ಕೆ ದೂರದಲ್ಲಿದೆ, 2013ರಲ್ಲಿ ಅಲ್ಲಿಂದ ಅದಿರು ಸಾಗಣೆ ಶುರುವೇ ಆಗಿರಲಿಲ್ಲ. ವರದಿಯ ಒಳಗೇ ಒಂದು ತೊಡಕೂ ಇದೆ: ಊರು ಕಾಡಿನ ಒಡಲಲ್ಲಿ ಹುದುಗಿದೆ ಎನ್ನುತ್ತದೆ, ಅದೇ ಉಸಿರಿನಲ್ಲಿ ಕಾಡು ಹೋಯಿತು ಎನ್ನುತ್ತದೆ, ಊರು ದೂರದ್ದು ಎನ್ನುತ್ತದೆ, ರೋಗ ಮಾತ್ರ ಅಲ್ಲಿಂದ ಮೂರು ದೇಶಗಳಿಗೆ ಹಬ್ಬಿತು.

ಊರಿನ ನೆಲದಲ್ಲಿ ನಿಂತು ಹುಡುಕಿದವರಿಗೆ ಸಿಕ್ಕಿದ್ದು ಬೇರೆ. 2014ರ ಏಪ್ರಿಲ್‌ನಲ್ಲಿ ಪ್ರಾಣಿವಿಜ್ಞಾನಿಗಳ ತಂಡವೊಂದು ನಾಲ್ಕು ವಾರ ಈ ಸೀಮೆಯಲ್ಲಿ ಕೆಲಸ ಮಾಡಿತು. ಹಿಂದೆ ಮಧ್ಯ ಆಫ್ರಿಕಾದ ಎಬೋಲಾ ಹಾವಳಿಗಳಲ್ಲಿ ಚಿಂಪಾಂಜಿ, ಗೊರಿಲ್ಲಾಗಳು ಸಾಯುತ್ತಿದ್ದುದುಂಟು. ಇಲ್ಲಿನ ಮೀಸಲು ಕಾಡುಗಳಲ್ಲಿ ದೊಡ್ಡ ಪ್ರಾಣಿಗಳು ಕಡಿಮೆಯಾದ ಕುರುಹೇ ಇರಲಿಲ್ಲ. ಹಾಗಾಗಿ ಅವರ ಗಮನ ಊರೊಳಗಿನ ಒಂದು ಮರದ ಕಡೆ ಹರಿಯಿತು. ಮಗುವಿನ ಮನೆಯಿಂದ ಸುಮಾರು 50 ಮೀಟರ್ ದೂರದಲ್ಲಿ, ಹೆಂಗಸರು ಬಟ್ಟೆ ಒಗೆಯಲು ಹೊಳೆಗೆ ಹೋಗುವ ದಾರಿಯ ಬದಿಯಲ್ಲಿ, ದೊಡ್ಡ ಪೊಟರೆಯ ಮರವೊಂದಿತ್ತು. ಮಕ್ಕಳು ಆ ಪೊಟರೆಯಲ್ಲಿ ಆಡುತ್ತಿದ್ದರು, ಅಲ್ಲಿದ್ದ ಸಣ್ಣ ಬಾವಲಿಗಳನ್ನು ಹಿಡಿದು ಸುಟ್ಟು ತಿನ್ನುತ್ತಿದ್ದರು. ತಂಡ ಹೋಗುವ ಹೊತ್ತಿಗೆ ಮರ ಸುಟ್ಟುಹೋಗಿತ್ತು. ಮಾರ್ಚ್ 24ರಂದು ಅದಕ್ಕೆ ಬೆಂಕಿ ಬಿದ್ದಾಗ ಬಾವಲಿಗಳು ಮಳೆಯಂತೆ ಸುರಿದವು ಎಂದು ಊರವರು ಹೇಳಿದರು. ಬುಡದ ಬೂದಿಯಲ್ಲಿ ಸಿಕ್ಕ ವಂಶವಾಹಿ ತುಣುಕುಗಳಿಂದ ಆ ಬಾವಲಿಗಳ ಜಾತಿ ತಿಳಿಯಿತು: ಹುಳ ತಿನ್ನುವ, ಇಲಿಯಂತೆ ಬಾಲ ಹೊರಚಾಚಿರುವ ಸಣ್ಣ ಬಾವಲಿ. ಮಹಾರಣ್ಯ ಕಡಿದಾಗ ನೆಲೆ ತಪ್ಪಿ ಊರಿಗೆ ಬರುವ ಪ್ರಾಣಿ ಇದಲ್ಲ. ಬಯಲು ನಾಡುಗಳಲ್ಲೂ ಇದೆ, ಮನೆಯ ಮಾಡಿನಲ್ಲೂ ಮರದ ಪೊಟರೆಯಲ್ಲೂ ಗುಂಪುಗುಂಪಾಗಿ ವಾಸಿಸುತ್ತದೆ. ಮನುಷ್ಯರ ಪಕ್ಕದಲ್ಲಿ ಬದುಕುವುದು ಅದಕ್ಕೆ ಹಳೆಯ ರೂಢಿ. ಊರಿನವರು ಉಳಿಸಿ ಬೆಳೆಸಿದ ಹಳೆಯ ಮರಗಳೇ ಅದಕ್ಕೆ ಮನೆ.

ಇದನ್ನು ಸಾಬೀತಾದ ಸತ್ಯವೆಂದು ನಾನು ಹೇಳುತ್ತಿಲ್ಲ. ಆ ತಂಡ ಹಿಡಿದು ಪರೀಕ್ಷಿಸಿದ 169 ಬಾವಲಿಗಳಲ್ಲಿ ಒಂದರಲ್ಲೂ ಎಬೋಲಾ ವೈರಸ್ ಸಿಗಲಿಲ್ಲ. ಮರದ ಬಾವಲಿಗಳೇ ಕಾರಣ ಎನ್ನುವುದು ಇಂದಿಗೂ ಬಲವಾದ ಊಹೆಯಷ್ಟೇ. ಇನ್ನೊಂದು ಪ್ರಶ್ನೆಯೂ ಏಳುತ್ತದೆ: ಬಾವಲಿ ಹಳೆಯದು, ಮರ ಹಳೆಯದು, ಮಕ್ಕಳ ಆಟವೂ ಹಳೆಯದು ಎಂದರೆ ರೋಗ 2013ರಲ್ಲೇ ಏಕೆ ಬರಬೇಕು? ಇದಕ್ಕೆ ಸಿಗುವ ಸುಳಿವುಗಳು ಎರಡು ದಿಕ್ಕಿಗೆ ಎಳೆಯುತ್ತವೆ. ಗಡಿಯಾಚೆ ಸಿಯೆರಾ ಲಿಯೋನಿನ ಕೆನೆಮಾ ಆಸ್ಪತ್ರೆಯಲ್ಲಿ 2006ರಿಂದ 2008ರ ನಡುವೆ ಲಾಸಾ ಜ್ವರದ ಶಂಕೆಯಿಂದ ತೆಗೆದಿಟ್ಟಿದ್ದ ರಕ್ತವನ್ನು ಆಮೇಲೆ ಪರೀಕ್ಷಿಸಿದಾಗ ಕೆಲವರಲ್ಲಿ ಎಬೋಲಾಕ್ಕೆ ದೇಹ ಸ್ಪಂದಿಸಿದ ಗುರುತು ಸಿಕ್ಕಿತು. ಅಂದರೆ ರೋಗ ಮೊದಲೂ ಅಲ್ಲಲ್ಲಿ ಬಂದು, ಬೇರೆ ಜ್ವರದ ಹೆಸರಿನಲ್ಲಿ ಮುಗಿದುಹೋಗಿರಬಹುದು. ವೈರಸ್ಸಿನ ವಂಶಾವಳಿ ನೋಡಿದವರು ಮಾತ್ರ ಪಶ್ಚಿಮ ಆಫ್ರಿಕಾದ ತಳಿ ಮಧ್ಯ ಆಫ್ರಿಕಾದ ತಳಿಯಿಂದ ಕವಲೊಡೆದದ್ದು 2004ರ ಸುಮಾರಿಗೆ, ಆಮೇಲಷ್ಟೇ ಅದು ಈ ಕಡೆ ಬಂದಿರಬೇಕು ಎನ್ನುತ್ತಾರೆ. ಯಾವುದು ನಿಜವಾದರೂ ಮರ ಕಡಿದದ್ದಕ್ಕೂ ಅದಕ್ಕೂ ನೇರ ನಂಟು ತೋರುವುದಿಲ್ಲ. ಅದೇ ವಂಶಾವಳಿ ಅಧ್ಯಯನದ ಇನ್ನೊಂದು ಮಾತು ನನ್ನ ವಾದಕ್ಕೆ ಹೆಚ್ಚು ಮುಖ್ಯ: ಪ್ರಾಣಿಯಿಂದ ಮನುಷ್ಯನಿಗೆ ವೈರಸ್ ದಾಟಿದ್ದು ಒಂದೇ ಒಂದು ಸಲ. ಅಲ್ಲಿಂದ ಮುಂದಿನ ಸಾವಿರಾರು ಸಾವುಗಳೂ ಮನುಷ್ಯನಿಂದ ಮನುಷ್ಯನಿಗೆ ದಾಟಿದ ರೋಗದಿಂದ ಆದವು. ಆ ಒಂದು ಸಲಕ್ಕೆ ಕಾಡನ್ನು ಕೇಳೋಣ; ಉಳಿದದ್ದಕ್ಕೆಲ್ಲ ಮನುಷ್ಯರ ಇತಿಹಾಸವನ್ನೇ ಕೇಳಬೇಕು.

ಆ ಇತಿಹಾಸ ಹತ್ತಿರದ್ದು, ದಾಖಲೆಯಿರುವಂಥದ್ದು. ಫ್ರೆಂಚರು, ಬ್ರಿಟಿಷರು, ಲೈಬೀರಿಯಾದವರು ಕಿಸ್ಸಿಗಳ ನಾಡನ್ನು ಮೂರು ಪಾಲು ಮಾಡಿ ಮಕೋನಾ ನದಿಯ ಉದ್ದಕ್ಕೆ ಗೆರೆ ಎಳೆದರು. ನದಿಯ ಆಚೆ ದಡ ಬೇರೆ ದೇಶವಾಯಿತು, ಆದರೆ ಬೀಗರು, ಹೊಲ, ಮದುವೆ, ಶವಸಂಸ್ಕಾರ ಎರಡೂ ದಡದಲ್ಲಿ ಉಳಿದವು. 1958ರಲ್ಲಿ ಗಿನಿ ಸ್ವತಂತ್ರವಾಯಿತು. ಹೊಸ ಸರ್ಕಾರ ಮರುವರ್ಷವೇ ಕಾಡುನಾಡಿನ ಜನರ ಮೂಢನಂಬಿಕೆ ಕಳೆಯುವ ಹೆಸರಿನಲ್ಲಿ ಮುಖವಾಡಗಳನ್ನು ಸುಟ್ಟು, ದೀಕ್ಷೆಯ ಬನಗಳ ಗುಟ್ಟನ್ನು ಬಯಲಿಗೆಳೆಯುವ ಚಳವಳಿ ಶುರುಮಾಡಿತು. ರಾಜಧಾನಿ ಕೊನಾಕ್ರಿಯಿಂದ ಬರುವ ಅಧಿಕಾರಿ ತಮ್ಮದನ್ನು ನಾಶಮಾಡಲು ಬರುವವನು ಎಂಬ ಭಾವನೆ ಆಗಲೇ ಬೇರುಬಿಟ್ಟಿತು. 1989ರ ಡಿಸೆಂಬರ್‌ನಲ್ಲಿ ಲೈಬೀರಿಯಾದಲ್ಲಿ, 1991ರ ಮಾರ್ಚ್‌ನಲ್ಲಿ ಸಿಯೆರಾ ಲಿಯೋನಿನಲ್ಲಿ ಯುದ್ಧ ಹೊತ್ತಿಕೊಂಡಾಗ ಲಕ್ಷಗಟ್ಟಲೆ ಜನ ಗಡಿ ದಾಟಿ ಗೆಕೆಡು ಸೀಮೆಗೆ ಬಂದರು. ಕಿಸ್ಸಿ ಹಳ್ಳಿಗಳು ಅವರಿಗೆ ನೆಲ ಬಿಟ್ಟುಕೊಟ್ಟವು. ಶಿಬಿರಗಳ ಆಸುಪಾಸಿನಲ್ಲಿ ಕಾಡು ತೆಳುವಾದದ್ದು ಈ ಕಾಲದಲ್ಲೇ, ಅದನ್ನು ಅಲ್ಲಗಳೆಯಲಾಗದು. ಗೆಕೆಡುವಿನ ವಾರದ ಸಂತೆ ಮೂರು ದೇಶಗಳ ವ್ಯಾಪಾರಿಗಳು ಸೇರುವ ದೊಡ್ಡ ಸಂತೆಯಾಯಿತು. 2000ದ ಕೊನೆಗೆ ಯುದ್ಧವೇ ಗಡಿ ದಾಟಿ ಬಂತು; ಗೆಕೆಡು ಪಟ್ಟಣ ದಾಳಿಗೆ ಸಿಕ್ಕಿ ಹಾಳಾಯಿತು. ಆ ಪಟ್ಟಣವನ್ನೇ ನೆಚ್ಚಿದ ಹಳ್ಳಿಗಳಲ್ಲಿ ಮೆಲಿಯಾಂಡೂ ಒಂದು.

ಇಂಥ ನೆಲಕ್ಕೆ ರೋಗ ಬಂದಾಗ ಏನಾಯಿತು ಎಂಬುದನ್ನು ದಿನಾಂಕಗಳೇ ಹೇಳುತ್ತವೆ. 2014ರ ಜನವರಿ 24ರಂದು ಮೆಲಿಯಾಂಡೂವಿನ ಆರೋಗ್ಯ ಠಾಣೆಯಿಂದ ಜಿಲ್ಲೆಗೆ ಸುದ್ದಿ ಹೋಯಿತು: ಐದು ಮಂದಿ ತೀವ್ರ ಭೇದಿಯಿಂದ ಬೇಗಬೇಗನೆ ಸತ್ತಿದ್ದಾರೆ. ಊರಿನ ಠಾಣೆ ತನ್ನ ಕೆಲಸ ಮಾಡಿತ್ತು ಎಂಬುದನ್ನು ಒತ್ತಿ ಹೇಳಬೇಕು. ನೋಡಲು ಬಂದವರು ಕಾಲರಾ ಇರಬೇಕೆಂದುಕೊಂಡರು. ಮಲೇರಿಯಾ, ಕಾಲರಾ, ಲಾಸಾ ಎಲ್ಲ ಇರುವ ಸೀಮೆಯಲ್ಲಿ, ಎಬೋಲಾ ಎಂದೂ ಕಾಣದ ದೇಶದಲ್ಲಿ, ಅದು ಅಸಹಜವಲ್ಲ. ಅಷ್ಟರಲ್ಲಿ ರೋಗ ಗೆಕೆಡು ಆಸ್ಪತ್ರೆ ಸೇರಿತ್ತು. ಅಲ್ಲಿನ ಆರೋಗ್ಯ ಸಿಬ್ಬಂದಿಗೇ ತಗುಲಿ ಮಾಸೆಂಟಾ, ಕಿಸ್ಸಿಡುಗುಗಳಿಗೆ ದಾಟಿತು. ಫೆಬ್ರವರಿ ಆರಂಭಕ್ಕೆ ಕೊನಾಕ್ರಿ ಮುಟ್ಟಿತು. ಮಾದರಿ ಫ್ರಾನ್ಸಿನ ಪ್ರಯೋಗಾಲಯಕ್ಕೆ ಹೋಗಿ ಉತ್ತರ ಬಂದದ್ದು ಮಾರ್ಚ್ 21ರ ಸುಮಾರಿಗೆ. ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು ಮಾರ್ಚ್ 23ರಂದು. ಆ ಮೂರು ದೇಶಗಳಲ್ಲಿ ಆಗ ಒಂದು ಲಕ್ಷ ಜನಕ್ಕೆ ಒಬ್ಬಿಬ್ಬರು ವೈದ್ಯರು. ನದಿಯಾಚೆ ಸಿಯೆರಾ ಲಿಯೋನಿಗೆ ರೋಗ ಬೇರೂರಿದ್ದು ಗಿನಿಯಿಂದ ಬಂದ ರೋಗಿಗಳನ್ನು ಆರೈಕೆ ಮಾಡಿ ತೀರಿಕೊಂಡ ನಾಟಿ ವೈದ್ಯೆಯೊಬ್ಬಳ ಅಂತ್ಯಕ್ರಿಯೆಯಿಂದ. ಈ ಸಾಂಕ್ರಾಮಿಕದ ವೈರಸ್ ತಳಿಗೆ ವಿಜ್ಞಾನಿಗಳು ಮಕೋನಾ ಎಂದು ಹೆಸರಿಟ್ಟರು. ಊರನ್ನು ಬಿಟ್ಟು ಗಡಿಯ ನದಿಯನ್ನು ಹಿಡಿದ ಆ ಹೆಸರು ನನಗೆ ಸರಿಯೆನಿಸುತ್ತದೆ.

ಕಾರಣವನ್ನು ಎಲ್ಲಿ ಹುಡುಕುತ್ತೇವೆ ಎಂಬುದು ಬರಿಯ ವಿದ್ವಾಂಸರ ಚರ್ಚೆಯಲ್ಲ, ಅದರಿಂದ ಜನರ ಪಾಡು ಬದಲಾಗುತ್ತದೆ. ಕಾಡೇ ಮೂಲ ಎಂದು ನಂಬಿದ್ದರಿಂದ ಮೊದಲ ತಿಂಗಳುಗಳ ಭಿತ್ತಿಪತ್ರಗಳು ಕಾಡುಮಾಂಸ ತಿನ್ನಬೇಡಿ, ಬಾವಲಿ ಮುಟ್ಟಬೇಡಿ ಎಂದು ಸಾರಿದವು. ಅದೇ ಹೊತ್ತಿಗೆ ಜನರ ಕಣ್ಣೆದುರು ಅವರ ಹತ್ತಿರದವರು ಸಾಯುತ್ತಿದ್ದದ್ದು ತಾಯಿಯ ಮೈ ಒರೆಸಿ, ಹೆಣ ತೊಳೆದು, ಆಸ್ಪತ್ರೆಯಲ್ಲಿ ಚುಚ್ಚುಮದ್ದು ಕೊಟ್ಟು. ತಲೆಮಾರುಗಳಿಂದ ತಿಂದ ಮಾಂಸದ ಮೇಲೆ ತಪ್ಪು ಹೊರಿಸುವ ಮಾತನ್ನು ಅವರು ನಂಬದಿದ್ದರೆ ಅದು ಅಜ್ಞಾನವಲ್ಲ. ಗೆಕೆಡು ಸೀಮೆಯ 26 ಕಿಸ್ಸಿ ಹಳ್ಳಿಗಳು ಹೊರಗಿನವರಿಗೆ ದಾರಿ ಮುಚ್ಚಿದವು. ಕೆಲವು ಕಡೆ ಸೇತುವೆ ಕಿತ್ತು, ಮರ ಕಡಿದು ಅಡ್ಡ ಹಾಕಿದರು. ಆ ಹಳ್ಳಿಗಳು 2014ರ ನಡುವಿನಲ್ಲಿ ಮತ್ತೆ ತೆರೆದದ್ದು ಪೊಲೀಸರಿಂದಲ್ಲ. ಮಾನವಶಾಸ್ತ್ರಜ್ಞರೊಡನೆ ಊರ ಹಿರಿಯರು, ಹೆಂಗಸರು, ಯುವಕರು ಕುಳಿತು ಮಾತಾಡಿದ್ದರಿಂದ, ಶವಕ್ಕೆ ಸಲ್ಲಬೇಕಾದ ಗೌರವ ಸಲ್ಲುತ್ತದೆ ಎಂಬ ಭರವಸೆ ಸಿಕ್ಕಿದ್ದರಿಂದ. ಹಾಗಿದ್ದರೆ ಬಾವಲಿ ಹಿಡಿಯುವ ಅಭ್ಯಾಸದಲ್ಲಿ ಅಪಾಯವೇ ಇಲ್ಲವೇ ಎಂದು ಕೇಳಬಹುದು. ಇದೆ, ಮಕ್ಕಳಿಗೆ ಅದನ್ನು ಹೇಳಲೇಬೇಕು. ನಾನು ವಿರೋಧಿಸುವುದು ಆ ಎಚ್ಚರಿಕೆಯನ್ನಲ್ಲ, ಆ ಎಚ್ಚರಿಕೆಯನ್ನೇ ಇಡೀ ದುರಂತದ ವಿವರಣೆಯಾಗಿ ಮುಂದಿಡುವುದನ್ನು.

ಈ ವಾದಕ್ಕೆ 2021 ಎರಡು ಸಾಕ್ಷ್ಯಗಳನ್ನು ಒದಗಿಸಿತು. ಆ ವರ್ಷದ ಫೆಬ್ರವರಿಯಲ್ಲಿ ಅದೇ ಕಾಡುನಾಡಿನ ಗುವೆಕೆ ಎಂಬಲ್ಲಿ ಎಬೋಲಾ ಮತ್ತೆ ಕಾಣಿಸಿಕೊಂಡಿತು. ಬಾವಲಿ ಮತ್ತೆ ಬಂತೆಂದು ಹಲವರು ಅಂದುಕೊಂಡರು. ವಂಶವಾಹಿ ಪರೀಕ್ಷೆ ಬೇರೆಯದನ್ನು ತೋರಿಸಿತು: ವೈರಸ್ 2014ರ ತಳಿಯಿಂದ ಹೆಚ್ಚೇನೂ ಬದಲಾಗಿರಲಿಲ್ಲ, ಬದುಕುಳಿದ ಯಾರದೋ ದೇಹದಲ್ಲಿ ಐದಾರು ವರ್ಷ ಅಡಗಿದ್ದು ಹೊರಬಂದಿತ್ತು. ಗಿನಿಯಲ್ಲೇ 2015ರಲ್ಲಿ ಪರೀಕ್ಷೆಗೊಳಪಟ್ಟಿದ್ದ ಲಸಿಕೆ ಈ ಸಲ ಕೈಗೆ ಸಿಕ್ಕಿತು; 12 ಸಾವುಗಳೊಂದಿಗೆ ಜೂನ್‌ನಲ್ಲಿ ಹಾವಳಿ ನಿಂತಿತು. ಆಗಸ್ಟ್‌ನಲ್ಲಿ ಗೆಕೆಡು ಜಿಲ್ಲೆಯಲ್ಲೇ, ಮೆಲಿಯಾಂಡೂವಿನಂಥದೇ ಇನ್ನೊಂದು ಹಳ್ಳಿಯಲ್ಲಿ, ಒಬ್ಬ ರೋಗಿ ತೀರಿಕೊಂಡ. ಎಬೋಲಾದ ಹತ್ತಿರದ ಸಂಬಂಧಿ ಮಾರ್ಬರ್ಗ್ ವೈರಸ್ ಪಶ್ಚಿಮ ಆಫ್ರಿಕಾದಲ್ಲಿ ಮನುಷ್ಯರಲ್ಲಿ ಮೊದಲ ಬಾರಿ ಕಂಡದ್ದು ಅಲ್ಲೇ, ಅದರ ಮೂಲವೂ ಬಾವಲಿಯೇ ಇರಬೇಕು. ನೆಲ ಅದೇ, ಜನ ಅದೇ, ಮರಗಳೂ ಅವೇ. ಆದರೆ ಈ ಸಲ ಗೆಕೆಡುವಿನಲ್ಲೇ ಪ್ರಯೋಗಾಲಯವಿತ್ತು. ಮಾದರಿಯ ಮೊದಲ ಪರೀಕ್ಷೆ ಅಲ್ಲೇ ನಡೆಯಿತು, ಕೆಲವೇ ದಿನಗಳಲ್ಲಿ ರೋಗದ ಹೆಸರು ತಿಳಿಯಿತು, ರೋಗಿಯ ಒಡನಾಟಕ್ಕೆ ಬಂದಿದ್ದ 170ಕ್ಕೂ ಹೆಚ್ಚು ಜನರನ್ನು ಗುರುತಿಸಿ ನಿಗಾ ಇಟ್ಟರು. ಎರಡನೆಯ ರೋಗಿ ಸಿಗಲಿಲ್ಲ. ಸೆಪ್ಟೆಂಬರ್ 16ರಂದು ಹಾವಳಿ ಮುಗಿಯಿತೆಂದು ಘೋಷಿಸಿದರು.